ಅಪ್ಪನ ಪಕ್ಕ ನಿಂತವರು ಯಾರು ಅಂತ ಗ್ರೂಪಿನಲ್ಲಿ ಕೇಳಿಬಿಟ್ಟೆ

ಪ್ರಶ್ನೆ: ನನಗೆ 37. ಹಾಸನದ ಹತ್ತಿರದ ಹಳ್ಳಿಯವಳು, ಕೆಲಸ ಬೆಂಗಳೂರಿನಲ್ಲಿ. ಹೋದ ತಿಂಗಳು ಊರ ಮನೆಯ ಹೆಂಚು ಬದಲಾಯಿಸುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೇ ಫೋಟೊಗಳು ಸಿಕ್ಕವು. ಒಂದರಲ್ಲಿ ಅಪ್ಪ ಸ್ಟುಡಿಯೊ ಕುರ್ಚಿಯಲ್ಲಿ ಕೂತಿದ್ದಾರೆ, ಪಕ್ಕದಲ್ಲಿ ಒಬ್ಬ ಹೆಂಗಸು ನಿಂತಿದ್ದಾರೆ. ಹಿಂದೆ 1979 ಅಂತ ಸೀಲಿದೆ. ಯಾರೋ ನೆಂಟರು ಅಂದುಕೊಂಡು ‘ಅಪ್ಪ ಹೀರೊ ಥರ ಇದ್ದಾರೆ, ಪಕ್ಕದಲ್ಲಿ ಯಾರು?’ ಅಂತ ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದೆ. ಹುಡುಗರೆಲ್ಲ ಅಪ್ಪನ ಬೆಲ್‌ಬಾಟಂ ನೋಡಿ ನಕ್ಕರು. ಸೋದರತ್ತೆ ಅಳುತ್ತ ಫೋನ್ ಮಾಡಿದರು. ಫೋಟೊದಲ್ಲಿರುವವರು ಅಪ್ಪನ ಮೊದಲ ಹೆಂಡತಿಯಂತೆ. ಮದುವೆಯಾದ ಎರಡನೇ ವರ್ಷ ಹೆರಿಗೆಯಲ್ಲಿ ತಾಯಿ, ಮಗು ಇಬ್ಬರೂ ಹೋದರಂತೆ. ನನಗೂ ತಮ್ಮನಿಗೂ ಇದು ಗೊತ್ತೇ ಇರಲಿಲ್ಲ. ಅಷ್ಟರಲ್ಲಿ ಚಿಕ್ಕಪ್ಪನ ಮಗ ಆ ಫೋಟೊಗೆ ಬಣ್ಣ ತುಂಬಿ, ಅವರು ಕಣ್ಣು ಮಿಟುಕಿಸಿ ನಗುವ ಹಾಗೆ ವಿಡಿಯೊ ಮಾಡಿ ಹಾಕಿದ. ಅದನ್ನು ನೋಡಿ ಎದ್ದು ತೋಟಕ್ಕೆ ಹೋದ ಅಪ್ಪ ಕತ್ತಲಾದ ಮೇಲೆ ಬಂದರು. ಅಮ್ಮ ಏನೂ ಅನ್ನಲಿಲ್ಲ, ಆದರೆ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ಫೋಟೊದಲ್ಲಿ ಅವರ ಕುತ್ತಿಗೆಯಲ್ಲಿರುವ ಕಾಸಿನ ಸರವನ್ನೇ ಅಮ್ಮ ಈಗಲೂ ಹಬ್ಬಕ್ಕೆ ಹಾಕಿಕೊಳ್ಳುತ್ತಾರೆ. ಅಮ್ಮನ ಮದುವೆಯ ಬಣ್ಣದ ಆಲ್ಬಂ ಕೂಡ ಅದೇ ಟ್ರಂಕಿನಲ್ಲಿತ್ತು, ಅದು ಪೂರ್ತಿ ಕೆಂಪಾಗಿದೆ. ತಮ್ಮ ಆ ಫೋಟೊ ಸುಟ್ಟುಬಿಡು ಅನ್ನುತ್ತಾನೆ. ನನಗೆ ಮನಸ್ಸು ಬರುತ್ತಿಲ್ಲ. ಇಷ್ಟು ವರ್ಷ ಮುಚ್ಚಿಟ್ಟರಲ್ಲ ಅಂತ ಸಿಟ್ಟೂ ಇದೆ. ಏನು ಮಾಡಲಿ?

ಉತ್ತರ: ಫೋಟೊ ಸುಡಬೇಡಿ. ಬೇರೆ ಏನು ಮಾಡಿದರೂ ಆಮೇಲೆ ಸರಿಮಾಡಿಕೊಳ್ಳಬಹುದು, ಇದನ್ನು ಆಗುವುದಿಲ್ಲ. ಆ ಕಾಲದಲ್ಲಿ ಊರ ಕಡೆ ಸ್ವಂತ ಕ್ಯಾಮೆರಾ ಇದ್ದ ಮನೆಗಳು ಕಡಿಮೆ. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಬಸ್ಸು ಹತ್ತಿ ಪೇಟೆಗೆ ಹೋಗಿ, ಬಣ್ಣ ಬಳಿದ ಪರದೆಯ ಮುಂದೆ ಒಂದು ಫೋಟೊ ತೆಗೆಸಿಕೊಂಡು ಬರುತ್ತಿದ್ದರು. ಎಷ್ಟೋ ಹೆಂಗಸರಿಗೆ ಜೀವಮಾನದಲ್ಲಿ ಇದ್ದದ್ದು ಅದೊಂದೇ ಫೋಟೊ. ನೆಗೆಟಿವ್ ಸ್ಟುಡಿಯೊದಲ್ಲೇ ಉಳಿಯುತ್ತಿತ್ತು. ಸ್ಟುಡಿಯೊಗಳು ಮುಚ್ಚಿದಾಗ ಎಷ್ಟೋ ನೆಗೆಟಿವ್‌ಗಳು ಗುಜರಿಗೆ ಹೋದವು, ಅದರಲ್ಲಿರುವ ಬೆಳ್ಳಿಗೋಸ್ಕರ ಕೊಳ್ಳುವವರೂ ಇದ್ದರು. ಆ ಹೆಣ್ಣುಮಗಳ ಮುಖ ಈಗ ನಿಮ್ಮ ಕೈಯಲ್ಲಿ ಮಾತ್ರ ಉಳಿದಿರಬಹುದು.

ಇನ್ನು ಅಮ್ಮ. ಕಾಸಿನ ಸರದ ವಿಷಯವನ್ನು ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಹೊತ್ತು ಹಿಡಿದು ನಿಲ್ಲಿಸಿದ್ದು ಅದೇ ಸಾಲು. ಅಪ್ಪನಿಗೆ ಮೊದಲು ಮದುವೆಯಾಗಿತ್ತು ಅನ್ನುವುದು ಅಮ್ಮನಿಗೆ ಗೊತ್ತಿಲ್ಲದೆ ಇರುವುದಿಲ್ಲ. ಸರ ಯಾರದ್ದು ಅನ್ನುವುದೂ ಗೊತ್ತಿರಲೇಬೇಕು. ಆದರೆ ಇಷ್ಟು ದಿನ ಅದು ಗೊತ್ತಿದ್ದದ್ದು ಮನೆಯ ನಾಲ್ಕು ಹಿರಿಯರಿಗೆ. ಈಗ ಮಕ್ಕಳಿಗೆ, ಸೊಸೆಯಂದಿರಿಗೆ, ಗ್ರೂಪಿನಲ್ಲಿರುವ ಎಲ್ಲರಿಗೂ ಗೊತ್ತಾಯಿತು. ಮುಂದಿನ ಹಬ್ಬಕ್ಕೆ ಅದನ್ನು ಹಾಕಿಕೊಂಡು ನಿಂತರೆ ಎಲ್ಲರ ಕಣ್ಣೂ ಸರದ ಮೇಲೆ ಹೋಗುತ್ತದೆ. ಅಮ್ಮನಿಗೆ ಇದು ಆಗಲೇ ಹೊಳೆದಿರುತ್ತದೆ.

ಎರಡನೇ ಸಂಬಂಧಕ್ಕೆ ಬಂದ ಹೆಣ್ಣಿನ ಕಷ್ಟ ನೆನಪಿಡಿ. ಮಾಡಿದ ಸಾರಿಗೆ, ಆಡಿದ ಮಾತಿಗೆ, ಹಾಕಿದ ರಂಗೋಲಿಗೆ ‘ಮೊದಲಿನವಳು ಹೀಗೆ ಮಾಡುತ್ತಿದ್ದಳು’ ಅನ್ನುವ ಹೋಲಿಕೆ ಬರುತ್ತಲೇ ಇರುತ್ತದೆ. ಅದು ನಿಲ್ಲಲಿಕ್ಕೆ ವರ್ಷಗಳು ಬೇಕು. ನಿಂತ ಮೇಲೆ, ಹೆತ್ತ ಮಗಳೇ ಅದನ್ನು ಮತ್ತೆ ಎಲ್ಲರ ಮುಂದೆ ತಂದು ಇಟ್ಟ ಹಾಗಾಯಿತು. ನಿಮಗೆ ಆ ಉದ್ದೇಶ ಇರಲಿಲ್ಲ ಅನ್ನುವುದು ಅವರಿಗೂ ಗೊತ್ತು. ಆದರೂ ನೋವಾಗುತ್ತದೆ, ಅಲ್ವಾ?

ಮುಂದಿನ ಸಲ ಊರಿಗೆ ಹೋದಾಗ ಅಮ್ಮ ಒಬ್ಬರೇ ಸಿಗುವ ಹೊತ್ತು ನೋಡಿ. ಅವರೆಕಾಯಿ ಸುಲಿಯುತ್ತಲೋ, ಸೊಪ್ಪು ಬಿಡಿಸುತ್ತಲೋ ಇದ್ದರೆ ಒಳ್ಳೆಯದು. ಕೈಗೆ ಕೆಲಸ ಇದ್ದಾಗ ಮಾತು ಸಲೀಸಾಗುತ್ತದೆ. ಮೊಬೈಲ್ ತೆಗೆಯಲೇಬೇಡಿ. ‘ಅಮ್ಮಾ, ನಿನ್ನನ್ನು ಒಂದು ಮಾತು ಕೇಳದೆ ಆ ಫೋಟೊ ಹಾಕಿದೆ, ತಪ್ಪಾಯ್ತು’ ಅನ್ನಿ. ‘ನನಗೆ ಗೊತ್ತಿರಲಿಲ್ಲ’ ಅಂತ ಸೇರಿಸಬೇಡಿ. ಅದು ನಿಜವೇ, ಆದರೆ ಹಾಗೆ ಅಂದ ತಕ್ಷಣ ಅಮ್ಮ ತಮ್ಮದನ್ನು ಬಿಟ್ಟು ನಿಮ್ಮನ್ನು ಸಮಾಧಾನ ಮಾಡಲು ಶುರು ಮಾಡುತ್ತಾರೆ. ಹೇಳಿ, ಸುಮ್ನೆ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸಿ. ಅವತ್ತು ಮಾತು ಬಂದರೆ ಬರಲಿ, ಇಲ್ಲದಿದ್ದರೆ ಇನ್ನೊಂದು ದಿನ ಬರುತ್ತದೆ.

ಆಲ್ಬಂ ಕೆಂಪಾಗಿದೆ ಅಂದಿರಲ್ಲ, ಅದೂ ಸಣ್ಣ ವಿಷಯವಲ್ಲ. ಆಗಿನ ಬಣ್ಣದ ಪ್ರಿಂಟುಗಳಲ್ಲಿ ಬಣ್ಣಗಳೆಲ್ಲ ಒಂದೇ ವೇಗದಲ್ಲಿ ಮಾಸುವುದಿಲ್ಲ. ಎಷ್ಟೋ ಪ್ರಿಂಟುಗಳಲ್ಲಿ ನೀಲಿಹಸಿರು ಮೊದಲು ಹೋಗಿ, ಎಲ್ಲ ಕೆಂಪು ತಿರುಗುತ್ತದೆ. ಕಪ್ಪು ಬಿಳುಪು ಚಿತ್ರ ಮೂಡುವುದು ಬೆಳ್ಳಿಯಿಂದ, ಪ್ರಿಂಟ್ ಹಾಕುವಾಗಲೇ ಚೆನ್ನಾಗಿ ತೊಳೆದಿದ್ದರೆ ಬಹಳ ಕಾಲ ಬಾಳುತ್ತದೆ. ಹಾಗಾಗಿ ಅಮ್ಮನಿಗೆ ತಮಗಿಂತ ಮೊದಲು ಬಂದವರ ಮುಖ ನಿನ್ನೆ ತೆಗೆದ ಹಾಗೆ ಸ್ಪಷ್ಟವಾಗಿ ಕಾಣುತ್ತಿದೆ, ತಮ್ಮ ಸ್ವಂತ ಮದುವೆಯ ಫೋಟೊದಲ್ಲಿ ಮುಖವೇ ಕಾಣುತ್ತಿಲ್ಲ. ಇದನ್ನು ಅಮ್ಮ ಗಮನಿಸಿಲ್ಲ ಅಂತ ನಾನು ನಂಬುವುದಿಲ್ಲ. ಆ ಆಲ್ಬಂ ಈ ವಾರವೇ ಸ್ಕ್ಯಾನಿಗೆ ಕೊಡಿ. ಉಳಿದಿರುವ ಬಣ್ಣದಿಂದಲೇ ಕಂಪ್ಯೂಟರಿನಲ್ಲಿ ಸಾಕಷ್ಟು ಸರಿಮಾಡಬಹುದು. ಅಂಟು ಹಾಳೆಯ ಆಲ್ಬಂ ಆಗಿದ್ದರೆ ಫೋಟೊ ಕಿತ್ತು ತೆಗೆಯಲು ಹೋಗಬೇಡಿ, ಹಾಗೇ ಹಾಳೆ ಸಮೇತ ಸ್ಕ್ಯಾನ್ ಮಾಡಿಸಿ. ತಪ್ಪೊಪ್ಪಿಗೆಯ ದಿನವೇ ಇದನ್ನು ಹೇಳಿಬಿಡಬೇಡಿ, ಲಂಚ ಕೊಟ್ಟಂತಾಗುತ್ತದೆ. ಮಾಡಿಸಿ ತಂದು ಕೈಗೆ ಕೊಡಿ.

ಅಪ್ಪ ತೋಟಕ್ಕೆ ಎದ್ದು ಹೋದದ್ದು ಫೋಟೊ ನೋಡಿಯಲ್ಲ, ವಿಡಿಯೊ ನೋಡಿ. ಹಳೇ ಫೋಟೊಗಳನ್ನು ಹೀಗೆ ಅಲುಗಾಡಿಸುವ ಆ್ಯಪ್‌ಗಳು 2021ರ ಸುಮಾರಿಗೆ ಎಲ್ಲರ ಫೋನಿಗೂ ಬಂದವು. ಅವು ಬೇರೆ ಮುಖಗಳ ಚಲನೆಯನ್ನು ಕಲಿತು ಈ ಮುಖಕ್ಕೆ ಹಚ್ಚುತ್ತವೆ. ಆಕೆ ಹೇಗೆ ನಗುತ್ತಿದ್ದರು ಅನ್ನುವುದು ಇವತ್ತು ಬದುಕಿರುವವರಲ್ಲಿ ಅಪ್ಪನಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಫೋನಿನಲ್ಲಿ ಕಂಡ ನಗು ಆಕೆಯದಲ್ಲ. ನಲವತ್ತು ವರ್ಷದ ಮೇಲೆ, ಮಕ್ಕಳೆಲ್ಲ ಕೂತು ನೋಡುತ್ತಿರುವಾಗ, ಯಾರದೋ ನಗುವನ್ನು ಆಕೆಯ ಮುಖದಲ್ಲಿ ನೋಡಬೇಕಾಯಿತು. ಚಿಕ್ಕಪ್ಪನ ಮಗನ ಮೇಲೆ ರೇಗಬೇಡಿ. ಅವನಿಗೆ ಅದು ಯಾರೋ ಒಬ್ಬರ ಹಳೇ ಫೋಟೊ, ಅಷ್ಟೇ. ಬೆಲ್‌ಬಾಟಂ ನೋಡಿ ನಕ್ಕ ಹುಡುಗರದ್ದೂ ಅದೇ ಕಥೆ. ಫೋನ್ ಮಾಡಿ ವಿಷಯ ಹೇಳಿ, ಮೊದಲು ವಿಡಿಯೊ ತೆಗೆಸಿ. ಇಷ್ಟು ದಿನದ ಮೇಲೆ ಗ್ರೂಪಿನಲ್ಲಿ ‘ಎಲ್ಲರಿಗೂ ಡಿಲೀಟ್’ ಮಾಡಲು ಬರುವುದಿಲ್ಲ, ಒಬ್ಬೊಬ್ಬರಿಗೂ ಹೇಳಿಯೇ ಅಳಿಸಬೇಕು. ಗ್ರೂಪಿನಲ್ಲಿ ಉದ್ದದ ಕ್ಷಮಾಪಣೆ ಮಾತ್ರ ಬರೆಯಬೇಡಿ. ಅದನ್ನು ಓದಿದವರೆಲ್ಲ ಮತ್ತೆ ಮೇಲೆ ಹೋಗಿ ಅದೇ ಫೋಟೊ ತೆಗೆದು ನೋಡುತ್ತಾರೆ.

ಫೋಟೊವನ್ನು ಒಂದು ಕಾಗದದ ಲಕೋಟೆಯಲ್ಲಿ ಹಾಕಿ ಅಪ್ಪನ ಕೈಗೆ ಕೊಡಿ. ‘ಅಪ್ಪಾ, ಇದು ನಿಮ್ಮ ಹತ್ತಿರ ಇರಲಿ’ ಅಂದರೆ ಸಾಕು. ಪ್ರಶ್ನೆ ಕೇಳಬೇಡಿ. ಕೊಡುವ ಮೊದಲು ಅಮ್ಮನಿಗೆ ತಿಳಿಸಿರಬೇಕು, ಈ ಸಲವೂ ಅವರಿಗೆ ಕೊನೆಗೆ ಗೊತ್ತಾಗುವುದು ಬೇಡ.

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆ ಮಗು ಉಳಿದಿದ್ದರೆ ನಿಮಗೆ ಅಣ್ಣನೋ ಅಕ್ಕನೋ ಆಗುತ್ತಿತ್ತು. ಅಂಥ ಒಂದು ಜೀವ ಇತ್ತು ಅನ್ನುವುದನ್ನೇ ನಿಮಗೆ ಹೇಳಲಿಲ್ಲ. ಆದರೆ ಆಗ ಹೆರಿಗೆಯಲ್ಲಾದ ಸಾವಿನ ಮಾತನ್ನು ಹೆಣ್ಣುಮಕ್ಕಳ ಮುಂದೆ ಎತ್ತುತ್ತಲೇ ಇರಲಿಲ್ಲ, ಬಸುರಿಯರಿದ್ದ ಮನೆಯಲ್ಲಂತೂ ಇಲ್ಲವೇ ಇಲ್ಲ. ಇನ್ನೊಂದು ಯೋಚನೆ ಮಾಡಿ. ನಿಮ್ಮ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಪದ್ಧತಿ ಇದ್ದರೆ, ಅಲ್ಲಿ ಹೊಸ ಸೀರೆ ಯಾರ ಹೆಸರಿಗೆ ಇಡುತ್ತಿದ್ದರು? ನಮ್ಮ ಕಡೆ ಕೆಲವು ಮನೆಗಳಲ್ಲಿ ಮುತ್ತೈದೆಯಾಗಿ ತೀರಿಕೊಂಡ ಮೊದಲ ಹೆಂಡತಿಗೆ ಎರಡನೆಯವರೇ ಸೀರೆ, ಬಳೆ, ಅರಿಸಿನ ಕುಂಕುಮ ಇಟ್ಟು ಕೈ ಮುಗಿಯುತ್ತಾರೆ. ಮಕ್ಕಳು ಕೇಳಿದರೆ ‘ದೊಡ್ಡವರಿಗೆ’ ಅನ್ನುತ್ತಾರೆ. ನಿಮ್ಮ ಅಮ್ಮನೂ ಹಾಗೆ ಇಡುತ್ತಿದ್ದರೋ ಏನೋ. ಅವರು ಮಾತಿಗೆ ಸಿಕ್ಕ ಮೇಲೆ ನಿಧಾನಕ್ಕೆ ಕೇಳಿ ನೋಡಿ.

ಆಮೇಲೆ ಸೋದರತ್ತೆಯನ್ನು ಕಾಣಿ. ಇಷ್ಟು ದೊಡ್ಡ ಪತ್ರದಲ್ಲಿ ಫೋಟೊದಲ್ಲಿರುವ ಆಕೆಯ ಹೆಸರೇ ಇಲ್ಲ, ಬಹುಶಃ ನಿಮಗೂ ಗೊತ್ತಿಲ್ಲ. ಅತ್ತೆಯಿಂದ ಹೆಸರು, ತವರೂರು ತಿಳಿದುಕೊಳ್ಳಿ. ಅಪ್ಪ ಒಪ್ಪಿದರೆ ಫೋಟೊದ ಹಿಂದೆ ಪೆನ್ಸಿಲಿನಿಂದ ಮೆಲ್ಲಗೆ ಬರೆದಿಡಿ, ಬಾಲ್‌ಪೆನ್ ಬೇಡ, ಮುಂದಕ್ಕೆ ಅಚ್ಚು ಮೂಡುತ್ತದೆ. ತವರಿನಲ್ಲಿ ತಮ್ಮನೋ ತಂಗಿಯೋ ಇನ್ನೂ ಇರಬಹುದು, ಅವರ ಹತ್ತಿರ ಒಂದು ಫೋಟೊವೂ ಇಲ್ಲದಿರಬಹುದು. ಅಪ್ಪ ಅಮ್ಮ ಇಬ್ಬರೂ ಹೂಂ ಅಂದರೆ ಕಿಟಕಿ ಬೆಳಕಿನಲ್ಲಿ, ಫ್ಲ್ಯಾಷ್ ಹಾಕದೆ ಒಂದು ಪ್ರತಿ ತೆಗೆದು ಪ್ರಿಂಟ್ ಹಾಕಿಸಿ. ಅದನ್ನು ಫೋನಿನಲ್ಲಿ ಕಳಿಸಬೇಡಿ. ಅತ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಿ ಆ ತವರಿನವರ ಮನೆಗೇ ಕೊಟ್ಟು ಬನ್ನಿ.