ತಂಗಿ, ಕಾರ್ಡ್ ಬ್ಲಾಕ್ ಮಾಡುವ ಮೊದಲು ಇದನ್ನು ಓದಿ

ತಂಗಿ, ಮೊದಲು ಆ ಬ್ಯಾಂಕಿನ ಆ್ಯಪ್ ಮುಚ್ಚಿ. ಕಾರ್ಡ್ ಬ್ಲಾಕ್ ಮಾಡಬೇಡಿ. ಸಿಂಗಪುರದ ಕ್ರೂಸ್ ಹಡಗಿನಲ್ಲಿ ಇನ್ನೂ ಎರಡು ರಾತ್ರಿ ಬಾಕಿ ಇದೆ ಎನ್ನುತ್ತೀರಿ. ಆ್ಯಪ್‌ನಲ್ಲಿ ಹಡಗಿನ ಹೆಸರಿನಲ್ಲಿ ಮೂರು ಮೊತ್ತ ಕಾಣುತ್ತಿದೆ, ಕ್ಯಾಬಿನ್ ಟಿವಿಯ ಬಿಲ್ಲಿನಲ್ಲಿ ಅದರ ಅರ್ಧವೂ ಇಲ್ಲ, ಈ ರಾತ್ರಿಯೇ ಬ್ಲಾಕ್ ಮಾಡಿ ಮೂರನ್ನೂ ಡಿಸ್ಪ್ಯೂಟ್‌ಗೆ (ಬ್ಯಾಂಕಿನಲ್ಲಿ ತಕರಾರಿಗೆ) ಹಾಕುತ್ತೇನೆ ಎಂದು ನಮ್ಮ ಈ ಆನ್‌ಲೈನ್ ಗುಂಪಿನಲ್ಲಿ ಬರೆದಿದ್ದೀರಿ. ಕೆಳಗೆ ಅಷ್ಟೊಂದು ಜನ ‘ಹೌದು, ತಕ್ಷಣ ಬ್ಲಾಕ್ ಮಾಡಿ’ ಎಂದು ಹುರಿದುಂಬಿಸುತ್ತಿದ್ದಾರೆ. ಅವರಲ್ಲಿ ತದಡಿಯ ಬಾರ್ಜ್ ಬಿಟ್ಟು ಬೇರೆ ಹಡಗು ಹತ್ತಿದವರು ಎಷ್ಟು ಮಂದಿಯೋ!

ಆ ಮೂರು ಮೊತ್ತಗಳ ಪಕ್ಕದಲ್ಲಿ ‘ಪೆಂಡಿಂಗ್’ ಎಂದಿದೆಯೇ ನೋಡಿ. ನೀವು ಹಾಕಿದ ಚಿತ್ರದಲ್ಲಿ ಎರಡಕ್ಕೆ ಹಾಗೆ ಇರುವುದು ನನಗೇ ಕಾಣುತ್ತಿದೆ. ಅದು ಕಡಿತವಲ್ಲ, ಹೋಲ್ಡ್. ಹತ್ತುವ ದಿನ ಹಡಗಿನವರು ನಿಮ್ಮ ಕಾರ್ಡಿನಲ್ಲಿ ಒಂದು ಮೊತ್ತವನ್ನು ಹಿಡಿದಿಡುತ್ತಾರೆ. ನಿಮ್ಮ ಖರ್ಚು ಅದನ್ನು ದಾಟಿದರೆ ಮತ್ತೆ ಇನ್ನೊಂದು. ಇಳಿಯುವ ದಿನ ನಿಜವಾದ ಬಿಲ್ಲಿನ ಮೊತ್ತ ಒಂದೇ ಸಾಲಾಗಿ ಬೀಳುತ್ತದೆ, ಹಳೆಯ ಹೋಲ್ಡ್‌ಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ. ಕೆಲವು ಬ್ಯಾಂಕಿನಲ್ಲಿ ಎರಡು ಮೂರು ದಿನ, ಕೆಲವದರಲ್ಲಿ ಎರಡು ವಾರವೂ ಹಿಡಿದೀತು. ಆ ನಡುವೆ ಹೋಲ್ಡ್ ಮತ್ತು ಬಿಲ್ ಎರಡೂ ಒಟ್ಟಿಗೆ ಕಾಣುವುದರಿಂದ ಎರಡು ಬಾರಿ ಹಣ ಹೋದಂತೆ ತೋರುತ್ತದೆ. ಹೋಗಿರುವುದಿಲ್ಲ. ಕ್ರೆಡಿಟ್ ಕಾರ್ಡ್ ಆದರೆ ನಿಮ್ಮ ಮಿತಿ ತಾತ್ಕಾಲಿಕವಾಗಿ ಕಡಿಮೆಯಾಗಿದೆ, ಅಷ್ಟೇ. ಊರಿನ ಹೆಸರು ‘ಮಯಾಮಿ’ ಎಂದು ಬಂದಿದೆ ಎಂದು ಇನ್ನೊಬ್ಬರು ಗಾಬರಿಯಾಗಿದ್ದಾರೆ. ದೊಡ್ಡ ಕ್ರೂಸ್ ಕಂಪನಿಗಳ ಕೇಂದ್ರ ಕಚೇರಿಗಳು ಅಲ್ಲಿವೆ. ಹಡಗು ಮಲಕ್ಕಾ ಜಲಸಂಧಿಯಲ್ಲಿದ್ದರೂ ಸ್ಟೇಟ್‌ಮೆಂಟಿನಲ್ಲಿ ಫ್ಲಾರಿಡಾದ ಊರು ಬರಬಹುದು.

ಹಡಗಿಗೆ ಸಂಬಂಧವೇ ಇಲ್ಲದ ಯಾವುದೋ ಆನ್‌ಲೈನ್ ಅಂಗಡಿಯ ಹೆಸರು ಕಂಡರೆ ಮಾತು ಬೇರೆ. ಆಗ ಒಂದು ನಿಮಿಷವೂ ಕಾಯದೆ ಬ್ಲಾಕ್ ಮಾಡಿ. ಅದರ ಬಗ್ಗೆ ಮುಂದೆ ಬರೆಯುತ್ತೇನೆ.

ಬ್ಲಾಕ್ ಮಾಡಿದರೆ ಏನಾಗುತ್ತದೆ ಎಂಬುದನ್ನು ನಾವು ಅನುಭವಿಸಿದ್ದೇವೆ. ನಮ್ಮ ಮನೆಯವರು ಹೀಗೆಯೇ ಸಿಟ್ಟಿನಲ್ಲಿ ಬ್ಲಾಕ್ ಮಾಡಿದರು, ಪಕ್ಕದಲ್ಲಿ ಕುಳಿತು ‘ಮಾಡಿ’ ಎಂದವಳು ನಾನೇ. ಹಿಡಿದಿಟ್ಟ ಹಣವೇನೂ ಬ್ಲಾಕ್ ಮಾಡಿದ್ದಕ್ಕೆ ಬಿಡುಗಡೆಯಾಗಲಿಲ್ಲ, ಏಕೆಂದರೆ ಆಗಲೇ ಒಪ್ಪಿಗೆ ಕೊಟ್ಟಾಗಿತ್ತು. ಆದರೆ ಹಡಗಿನವರು ಮರುದಿನ ಹೊಸದಾಗಿ ಕೇಳಿದಾಗ ಬ್ಯಾಂಕ್ ಇಲ್ಲ ಎಂದಿತು. ಸಂಜೆ ಮಕ್ಕಳು ಜ್ಯೂಸ್ ತರಲು ಹೋದರೆ ಕ್ಯಾಬಿನ್ ಕಾರ್ಡ್ (ಹಡಗಿನೊಳಗೆ ಕೊಳ್ಳಲು ಅವರೇ ಕೊಡುವ ಕಾರ್ಡ್) ನಡೆಯಲಿಲ್ಲ. ರಾತ್ರಿ ಬಾಗಿಲಿನಲ್ಲಿ ಚೀಟಿ: ಕೌಂಟರಿಗೆ ಬನ್ನಿ. ನಾವು ಚೀಟಿ ನೋಡಿದ್ದು ಶೋ ಮುಗಿಸಿ ಬಂದ ಮೇಲೆ. ಅಷ್ಟರಲ್ಲಿ ಸೂಟ್‌ಕೇಸುಗಳನ್ನು ಬಾಗಿಲ ಹೊರಗಿಟ್ಟಾಗಿತ್ತು. ಕೊನೆಯ ರಾತ್ರಿ ಲಗೇಜ್ ಹೊರಗಿಡಬೇಕು, ಅವರು ಕೊಂಡೊಯ್ದು ಬೆಳಿಗ್ಗೆ ಟರ್ಮಿನಲ್‌ನಲ್ಲಿ ಕೊಡುತ್ತಾರೆ. ಎರಡನೆಯ ಕಾರ್ಡ್ ಇದ್ದದ್ದು ಆ ಸೂಟ್‌ಕೇಸಿನೊಳಗೆ. ನನ್ನ ಪರ್ಸಿನಲ್ಲಿದ್ದ ಕಾರ್ಡ್ ಕೊಟ್ಟರೆ ಯಂತ್ರ ಒಪ್ಪಲಿಲ್ಲ, ಅಂತರರಾಷ್ಟ್ರೀಯ ಬಳಕೆಯೇ ಚಾಲೂ ಇರಲಿಲ್ಲ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡ್ ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಯಂತ್ರಕ್ಕೆ ಮಾತ್ರ ತೆರೆದಿರುತ್ತದೆ, ಉಳಿದದ್ದನ್ನು ನಾವೇ ತೆರೆಯಬೇಕು. ತೆರೆಯಲು ಹೋದರೆ ಒಟಿಪಿ. ಒಟಿಪಿ ಬರಬೇಕಾದ ಸಿಮ್‌ಗೆ ಸಿಗ್ನಲ್ ಇಲ್ಲ. ಬೆಳಿಗ್ಗೆ ಎಲ್ಲರೂ ಇಳಿಯುತ್ತಿರುವಾಗ ನಾವು ಕೌಂಟರಿನ ಸಾಲಿನಲ್ಲಿ. ಕೊನೆಗೆ ಕುಮಟೆಯ ಭಾವನವರ ಕಾರ್ಡಿನಿಂದ ಬಿಲ್ ಕಟ್ಟಿದೆವು. ಆ ಉಪಕಾರದ ಮಾತು ಈಗಲೂ ಪ್ರತಿ ಮದುವೆ ಮುಂಜಿಯಲ್ಲಿ ಪಂಕ್ತಿಯ ನಡುವೆ ಬರುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಹೊಸ ಸಂಖ್ಯೆಯ ಕಾರ್ಡ್ ಬಂತು, ಹಳೆಯದಕ್ಕೆ ಕಟ್ಟಿದ್ದ ಹೆಸ್ಕಾಂ ಬಿಲ್ಲು, ವಿಮೆಯ ಕಂತು ಎಲ್ಲ ತಪ್ಪಿದವು. ಹಡಗಿನವರು ಹಿಂದಿರುಗಿಸಬೇಕಿದ್ದ ಚಿಕ್ಕದೊಂದು ಮೊತ್ತ ಹಳೆಯ ಸಂಖ್ಯೆಗೆ ಹೋಗಿ, ಅದನ್ನು ಹುಡುಕಿಸಲು ಕಾರವಾರದ ಶಾಖೆಗೆ ಅಲೆದಾಟ. ಅಂತರರಾಷ್ಟ್ರೀಯ ಬಳಕೆಯ ಗುಂಡಿಯನ್ನು ಮಾತ್ರ ಆಫ್ ಮಾಡುತ್ತೇನೆ ಎಂದು ಹೊರಡುವವರಿಗೂ ಇದೇ ಮಾತು. ಹಡಗಿನವರಿಗೆ ಎರಡೂ ಒಂದೇ.

ಈಗ ನೀವು ಮಾಡಬೇಕಾದದ್ದು. ಇಂದು ರಾತ್ರಿ ಊಟದ ಹೊತ್ತಿಗೆ, ಉಳಿದವರೆಲ್ಲ ರೆಸ್ಟೋರೆಂಟಿನಲ್ಲಿರುವಾಗ, ಗೆಸ್ಟ್ ಸರ್ವಿಸ್ ಕೌಂಟರಿಗೆ ಹೋಗಿ. ಕೊನೆಯ ಬೆಳಿಗ್ಗೆ ಹೋಗುತ್ತೇನೆ ಎನ್ನಬೇಡಿ, ಆಗಿನ ಸಾಲು ಗೋಕರ್ಣದ ಶಿವರಾತ್ರಿಯ ಸಾಲಿಗಿಂತ ಉದ್ದ. ಟಿವಿಯಲ್ಲಿ ಕಾಣುವುದು ಬೇಡ, ಬಾಬ್ತುವಾರು ಮುದ್ರಿಸಿ ಕೊಡಿ ಎಂದು ಕೇಳಿ. ಕೌಂಟರಿನಲ್ಲಿಯೋ ನಿಮ್ಮ ಕ್ಯಾಬಿನ್ ಸ್ವಚ್ಛ ಮಾಡುವವರಲ್ಲಿಯೋ ಗೋವಾದ ಹುಡುಗರಿದ್ದರೆ ಕೊಂಕಣಿಯಲ್ಲಿ ಎರಡು ಮಾತಾಡಿ ನೋಡಿ. ನಮ್ಮ ಕೆಲಸ ಅಲ್ಲಿಂದಲೇ ಸಲೀಸಾಯಿತು. ಇಂಗ್ಲಿಷಿನಲ್ಲಿ ಜೋರು ಮಾಡಿದರೆ ಅವರೂ ನಿಯಮದ ಪುಸ್ತಕ ತೆಗೆಯುತ್ತಾರೆ.

ಶಿರಸಿಯ ಕಡೆಯವರು ವಖಾರಿಯಿಂದ ಅಡಿಕೆ ಪಟ್ಟಿ ಬಂದರೆ ತೂಕ, ದರ, ಕಮಿಷನ್, ಹಮಾಲಿ ಎಲ್ಲವನ್ನೂ ಕೂಡಿ ಕಳೆದು ನೋಡದೆ ಚೀಲ ಮಡಚುವವರಲ್ಲ. ಹಡಗಿನ ಬಿಲ್ಲನ್ನು ಮಾತ್ರ ಯಾಕೆ ಕಣ್ಣುಮುಚ್ಚಿ ಒಪ್ಪುತ್ತಾರೋ! ನಾನು ನೋಡುವುದು ಹೀಗೆ. ಮೊದಲು ಮಿನಿಬಾರ್: ತೆಗೆದು ನೋಡಿ ಮತ್ತೆ ಇಟ್ಟ ಬಾಟಲಿಯೂ ಕೆಲವೊಮ್ಮೆ ಬಿಲ್ಲಿಗೆ ಬಂದಿರುತ್ತದೆ. ಆಮೇಲೆ ವೈಫೈ: ಒಂದು ಸಾಧನಕ್ಕೆ ಕೊಂಡಿದ್ದರೆ, ಮೊದಲ ಫೋನಿನಿಂದ ಲಾಗ್‌ಔಟ್ ಆಗದೆ ಎರಡನೆಯದರಲ್ಲಿ ತೆರೆಯಲು ಹೋದಾಗ ಇನ್ನೊಂದು ಪ್ಯಾಕೇಜ್ ಕೊಂಡುಬಿಡುವವರು ಬಹಳ. ಪಾನೀಯಗಳ ಪ್ಯಾಕೇಜ್ ಇದ್ದರೂ ಒಂದು ಮಿತಿಗಿಂತ ದುಬಾರಿಯಾದ ಗ್ಲಾಸಿಗೆ ಬೇರೆ ಹಣ ಬೀಳಬಹುದು. ರದ್ದು ಮಾಡಿದ ತೀರದ ಪ್ರವಾಸ ಬಿಲ್ಲಿನಿಂದ ಹೋಗಿದೆಯೇ ನೋಡಿ. ಬುಕಿಂಗ್ ಮಾಡುವಾಗ ಏಜೆಂಟ್ ಕೊಡಿಸಿದ್ದ ಆನ್‌ಬೋರ್ಡ್ ಕ್ರೆಡಿಟ್ (ಹಡಗಿನೊಳಗಿನ ಖರ್ಚಿಗೆ ಕೊಡುವ ಜಮೆ) ಕಳೆದಿದ್ದಾರೆಯೇ ಎಂಬುದನ್ನೂ ನೋಡಿ, ಬಹಳ ಸಲ ಮರೆತುಹೋಗುವುದು ಅದೇ. ಮಕ್ಕಳ ಕ್ಯಾಬಿನ್ ಕಾರ್ಡ್ ನಿಮ್ಮ ಖಾತೆಗೇ ಕಟ್ಟಿರುತ್ತದೆ. ವಿಡಿಯೊ ಗೇಮ್ ಕೋಣೆಯಲ್ಲಿ ಅವರು ಉಜ್ಜಿದಷ್ಟೂ ನಿಮಗೇ. ಅದು ಹಡಗಿನ ತಪ್ಪಲ್ಲ. ಮಕ್ಕಳ ಕಾರ್ಡಿನಲ್ಲಿ ಖರೀದಿಯನ್ನು ನಿಲ್ಲಿಸಿ ಎಂದು ಮೊದಲ ದಿನವೇ ಕೌಂಟರಿನಲ್ಲಿ ಹೇಳಬಹುದು.

ಟಿಪ್ಸ್ ಬಗ್ಗೆ ಒಂದು ಮಾತು. ತಲೆಗೆ ಇಂತಿಷ್ಟು, ದಿನಕ್ಕೆ ಇಂತಿಷ್ಟು ಎಂದು ತಾನಾಗಿಯೇ ಸೇರುವ ಮೊತ್ತ ಬಿಲ್ಲಿನ ತಪ್ಪಲ್ಲ. ಬಾರಿನ ಬಿಲ್ಲಿಗೆ ಹಲವು ಹಡಗುಗಳಲ್ಲಿ 18ರಿಂದ 20 ಶೇಕಡಾ ಸೇವಾಶುಲ್ಕ ಬೇರೆಯೇ ಸೇರುತ್ತದೆ. ಇದನ್ನು ‘ನನಗೆ ಗೊತ್ತಿಲ್ಲದ ವಹಿವಾಟು’ ಎಂದು ಬ್ಯಾಂಕಿಗೆ ಬರೆದರೆ ಹಡಗಿನವರು ನಿಮ್ಮ ಸಹಿಯಿರುವ ಷರತ್ತು ತೋರಿಸುತ್ತಾರೆ, ಕಡತ ಅಲ್ಲಿಗೆ ಮುಗಿಯಿತು. ಸೇವೆ ನಿಜಕ್ಕೂ ಕೆಟ್ಟದಾಗಿದ್ದರೆ ಇಳಿಯುವ ಮೊದಲು ಕೌಂಟರಿನಲ್ಲಿ ಹೇಳಿ ಕಡಿಮೆ ಮಾಡಿಸಬಹುದು. ಸೇವೆ ಚೆನ್ನಾಗಿದ್ದರೂ ಪೂರ್ತಿ ತೆಗೆಸಿ ಅದನ್ನು ಈ ಗುಂಪಿನಲ್ಲಿ ಜಾಣತನವೆಂದು ಬರೆಯುವವರಿದ್ದಾರೆ, ಅವರೊಂದಿಗೆ ನನಗೆ ಮಾತಿಲ್ಲ.

ತಪ್ಪು ಸಿಕ್ಕಿತೆನ್ನಿ. ಅಲ್ಲಿಯೇ ತೆಗೆಸಿ, ತೆಗೆದ ಮೇಲಿನ ಬಿಲ್ಲನ್ನು ಮತ್ತೊಮ್ಮೆ ಮುದ್ರಿಸಿಕೊಳ್ಳಿ. ‘ಇಮೇಲ್ ಮಾಡುತ್ತೇವೆ’ ಎಂದರೆ ನಗುತ್ತಾ ಅಲ್ಲಿಯೇ ನಿಲ್ಲಿ. ಅವರು ಒಪ್ಪದಿದ್ದರೆ, ಒಪ್ಪಲಿಲ್ಲ ಎಂಬುದನ್ನಾದರೂ ಬರಹದಲ್ಲಿ ಪಡೆಯಿರಿ. ಮಾತಾಡಿದವರ ಹೆಸರು, ಹೊತ್ತು ಬರೆದುಕೊಳ್ಳಿ. ನಾನು ಚಿಕ್ಕ ಜೇಬು ಪುಸ್ತಕ ಇಟ್ಟುಕೊಳ್ಳುತ್ತೇನೆ, ಪ್ರತಿ ಚೀಟಿಯನ್ನೂ ಅದರಲ್ಲಿಯೇ ಸಿಕ್ಕಿಸುತ್ತೇನೆ. ಖರ್ಚಿನ ಆ್ಯಪ್‌ಗಳೆಲ್ಲ ಹಡಗಿನ ವೈಫೈ ಹೋದರೆ ಕಣ್ಣು ಮುಚ್ಚುತ್ತವೆ.

ಕೌಂಟರಿನಲ್ಲಿಯೇ ಇನ್ನೊಂದು ಪ್ರಶ್ನೆ ಕೇಳಿ: ಕೊನೆಯ ಬಿಲ್ ಹಡಗಿನ ಕರೆನ್ಸಿಯಲ್ಲಿ ಬೀಳುತ್ತದೆಯೇ, ರೂಪಾಯಿಯಲ್ಲಿಯೇ? ಕೆಲವು ಹಡಗುಗಳು ಭಾರತದ ಕಾರ್ಡ್ ಎಂದು ತಿಳಿದು ತಾವೇ ರೂಪಾಯಿಗೆ ಪರಿವರ್ತಿಸಿಬಿಡುತ್ತವೆ. ರೂಪಾಯಿ ಕಂಡರೆ ನಮಗೆ ನೆಮ್ಮದಿ, ಆದರೆ ದರ ಅವರದು, ಲಾಭವೂ ಅವರದು. ಬೇಡ, ಹಡಗಿನ ಕರೆನ್ಸಿಯಲ್ಲಿಯೇ ಹಾಕಿ ಎನ್ನಿ.

ಹಾಗೆ ಹಾಕಿಸಿದರೂ ಮನೆಗೆ ಬಂದು ಸ್ಟೇಟ್‌ಮೆಂಟ್ ನೋಡಿದಾಗ ಬಿಲ್ಲಿಗೂ ಅದಕ್ಕೂ ತಾಳೆಯಾಗುವುದಿಲ್ಲ. ಅದಕ್ಕೂ ಇಲ್ಲಿ ಬಂದು ‘ಮೋಸ’ ಎಂದು ಬರೆಯಬೇಡಿ. ಬಹಳಷ್ಟು ಕಾರ್ಡ್‌ಗಳು ವಿದೇಶಿ ಕರೆನ್ಸಿಯ ಮೇಲೆ 3.5 ಶೇಕಡಾ ಮಾರ್ಕ್‌ಅಪ್ ಹಾಕುತ್ತವೆ, ಆ ಮಾರ್ಕ್‌ಅಪ್ ಮೇಲೆ 18 ಶೇಕಡಾ ಜಿಎಸ್‌ಟಿ. ಒಟ್ಟು 4.13 ಶೇಕಡಾ. ಒಂದು ಲಕ್ಷದ ಬಿಲ್ಲಿಗೆ 4,130 ರೂಪಾಯಿ. ಸ್ಟೇಟ್‌ಮೆಂಟಿನಲ್ಲಿ ಇದು ಬೇರೆ ಸಾಲಾಗಿ, ಕೆಲವೊಮ್ಮೆ ಬೇರೆ ದಿನ ಬರುತ್ತದೆ. ಇದನ್ನು ಕಳೆದ ಮೇಲೂ ಉಳಿಯುವ ವ್ಯತ್ಯಾಸ ದೊಡ್ಡದಿದ್ದರೆ ಮಾತ್ರ ತಕರಾರು.

ತಕರಾರು ಹಾಕುವಾಗ ಮೂರೂ ಮೊತ್ತವನ್ನು ಎಳೆಯಬೇಡಿ. ತಪ್ಪಾದದ್ದನ್ನು ಮಾತ್ರ. ಪೆಂಡಿಂಗ್ ಇರುವುದರ ಮೇಲೆ ಬ್ಯಾಂಕಿನವರು ಡಿಸ್ಪ್ಯೂಟ್ ತೆಗೆದುಕೊಳ್ಳುವುದೂ ಸಾಮಾನ್ಯವಾಗಿ ಇಲ್ಲ, ಪೋಸ್ಟ್ ಆಗುವವರೆಗೆ, ಎಂದರೆ ಮೊತ್ತ ಖಚಿತವಾಗಿ ಖಾತೆಗೆ ಬೀಳುವವರೆಗೆ, ಕಾಯಲೇಬೇಕು. ಮೊದಲು ಕ್ರೂಸ್ ಕಂಪನಿಗೆ ಇಮೇಲ್, ಬಿಲ್ಲಿನ ಪ್ರತಿಯ ಜೊತೆಗೆ. ಅವರು ಸುಮ್ಮನಿದ್ದರೆ ಅದೇ ಇಮೇಲನ್ನು ಲಗತ್ತಿಸಿ ಬ್ಯಾಂಕಿಗೆ. ದೂರಿನ ಸಂಖ್ಯೆ ಪಡೆಯದೆ ಫೋನ್ ಇಡಬೇಡಿ. ವೀಸಾ, ಮಾಸ್ಟರ್‌ಕಾರ್ಡ್ ಚಾರ್ಜ್‌ಬ್ಯಾಕ್‌ಗೆ (ಬ್ಯಾಂಕಿನ ಮೂಲಕ ಹಣ ವಾಪಸ್ ಪಡೆಯುವುದಕ್ಕೆ) ಸಾಮಾನ್ಯವಾಗಿ 120 ದಿನಗಳ ಗಡುವು ಇರುತ್ತದೆ, ಆದರೆ ನಿಮ್ಮ ಬ್ಯಾಂಕ್ ತನ್ನ ಕೆಲಸಕ್ಕೆಂದು ಅದಕ್ಕಿಂತ ಮೊದಲೇ ಕಾಗದ ಕೇಳುತ್ತದೆ. ಹಾಗಾಗಿ ಸ್ಟೇಟ್‌ಮೆಂಟ್ ಬಂದ ವಾರದಲ್ಲಿಯೇ ಹಾಕಿ. ದೀಪಾವಳಿ ಮುಗಿಯಲಿ, ಅಡಿಕೆ ಕೊಯ್ಲು ಮುಗಿಯಲಿ ಎಂದು ಮುಂದೂಡಬೇಡಿ.

ರಿಸರ್ವ್ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ನಿಯಮದ ಪ್ರಕಾರ ಬಿಲ್ಲಿಗೆ ಆಕ್ಷೇಪಿಸಿದರೆ ಬ್ಯಾಂಕ್ 30 ದಿನಗಳೊಳಗೆ ವಿವರಣೆ ಕೊಡಬೇಕು, ಅಗತ್ಯವಿದ್ದರೆ ದಾಖಲೆಯನ್ನೂ ಒದಗಿಸಬೇಕು. 30 ದಿನ ಕಳೆದರೂ ಉತ್ತರವಿಲ್ಲ ಅಥವಾ ಉತ್ತರ ಸಮಾಧಾನಕರವಲ್ಲ ಎಂದಾದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಆನ್‌ಲೈನ್‌ನಲ್ಲಿಯೇ ದೂರು ಕೊಡಬಹುದು, ಶುಲ್ಕವಿಲ್ಲ, ವಕೀಲರು ಬೇಡ. ಸಹಾಯವಾಣಿ 14448. ಹಡಗಿನ ಕಂಪನಿ ಅವರ ಕೈಗೆ ಸಿಗುವುದಿಲ್ಲ, ಬ್ಯಾಂಕ್ ಸಿಗುತ್ತದೆ. ಅಷ್ಟು ಸಾಕು.

ತಕರಾರಿದೆ ಎಂದು ಇಡೀ ಬಿಲ್ಲನ್ನು ಕಟ್ಟದೆ ಕೂರುವುದು ಇನ್ನೊಂದು ಹುಂಬತನ. ತಕರಾರಿನ ಮೊತ್ತಕ್ಕೆ ಬ್ಯಾಂಕ್ ತಾತ್ಕಾಲಿಕ ಜಮೆ ಕೊಟ್ಟಿದೆಯೇ ಕೇಳಿ. ಕೊಟ್ಟಿದ್ದರೆ ಉಳಿದದ್ದನ್ನು ಗಡುವಿನೊಳಗೆ ಪೂರ್ತಿ ಕಟ್ಟಿ. ಕೊಡದಿದ್ದರೆ, ಮೊತ್ತ ಚಿಕ್ಕದಾದರೆ ನಾನಂತೂ ಅದನ್ನೂ ಕಟ್ಟಿಯೇ ಜಗಳ ಮುಂದುವರಿಸುತ್ತೇನೆ. ಕನಿಷ್ಠ ಮೊತ್ತ ಕಟ್ಟಿದರೆ ಸಾಕು ಎಂದು ಮೇಲೆ ಒಬ್ಬರು ಬರೆದಿದ್ದಾರಲ್ಲ, ಅವರ ಮಾತು ಕೇಳಿದರೆ ಬಡ್ಡಿ ಹಡಗಿನ ಬಿಲ್ಲಿಗೆ ಮಾತ್ರ ಬೀಳುವುದಿಲ್ಲ, ಆ ತಿಂಗಳ ಹೊಸ ಖರೀದಿಗೂ ಬೀಳುತ್ತದೆ.

ಇನ್ನು ನಿಜವಾದ ಕಳ್ಳತನದ ಮಾತು. ಅದಕ್ಕೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂಬ ಪ್ರಕರಣದಲ್ಲಿ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನವಾದರೆ, ಐದು ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೆ ಗರಿಷ್ಠ 10,000 ರೂಪಾಯಿ, ಅದಕ್ಕಿಂತ ಹೆಚ್ಚಿನ ಮಿತಿಗೆ 25,000. ಸಮುದ್ರದ ಮಧ್ಯೆ ಎಸ್‌ಎಂಎಸ್ ಬರುವುದಿಲ್ಲ, ಹಾಗಾಗಿ ಹೊರಡುವ ಮೊದಲೇ ಇಮೇಲ್ ಸಂದೇಶವನ್ನೂ ಚಾಲೂ ಮಾಡಿಸಿಡಿ. ಸಿಗ್ನಲ್ ಬೇಕೆಂದು ಫೋನಿನ ರೋಮಿಂಗ್ ಮಾತ್ರ ತೆರೆಯಬೇಡಿ. ಹಡಗಿನ ಉಪಗ್ರಹ ನೆಟ್‌ವರ್ಕ್ ಸಾಮಾನ್ಯ ರೋಮಿಂಗ್ ಪ್ಯಾಕಿನೊಳಗೆ ಬರುವುದು ಅಪರೂಪ, ಬಿಲ್ಲಿನ ತಪ್ಪು ಹುಡುಕಲು ಹೋಗಿ ಫೋನ್ ಬಿಲ್ಲು ಬಂದೀತು. ಫ್ಲೈಟ್ ಮೋಡ್, ಅದರ ಮೇಲೆ ವೈಫೈ.

ಯಾವ ಕಾರ್ಡ್ ಎಂದು ಕೇಳಿದವರಿಗೆ: ಹಡಗಿಗೆ ವೀಸಾ ಅಥವಾ ಮಾಸ್ಟರ್‌ಕಾರ್ಡ್. ರುಪೇ ಊರಿನಲ್ಲಿ ಯುಪಿಐಗೆ ಕಟ್ಟಿಕೊಳ್ಳಲು ಬಹಳ ಒಳ್ಳೆಯದು, ನಾನೂ ಮೀನು ಮಾರುಕಟ್ಟೆಗೆ ಅದನ್ನೇ ಒಯ್ಯುತ್ತೇನೆ, ಆದರೆ ಹಡಗಿನ ಕೌಂಟರಿನಲ್ಲಿ ಅದೊಂದನ್ನೇ ನಂಬಿ ನಿಲ್ಲಬೇಡಿ. ಮಾರ್ಕ್‌ಅಪ್ ಇಲ್ಲದ ಕಾರ್ಡ್‌ಗಳಲ್ಲಿ ಸ್ಕೇಪಿಯಾ ನನಗೆ ಹಿಡಿಸಿದೆ, ಷರತ್ತುಗಳು ಬದಲಾಗುತ್ತಿರುತ್ತವೆ, ಹೊರಡುವ ಮೊದಲು ಓದಿ. ಯಾವುದೇ ಆಗಲಿ, ಎರಡು ಬೇರೆ ಬ್ಯಾಂಕಿನ ಕಾರ್ಡ್, ಎರಡೂ ಕೈಚೀಲದಲ್ಲಿ. ಗೋವಾದಿಂದಲೋ ಬೆಂಗಳೂರಿನಿಂದಲೋ ವಿಮಾನ ಹತ್ತುವ ಮೊದಲೇ ಎರಡರಲ್ಲಿಯೂ ಅಂತರರಾಷ್ಟ್ರೀಯ ಬಳಕೆ ತೆರೆದು ಮಿತಿಯನ್ನೂ ಏರಿಸಿಡಿ. ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗುವವರಿಗೂ ಎರಡು ಕಾರ್ಡಿನ ಮಾತು ಅನ್ವಯಿಸುತ್ತದೆ.

ಡೆಬಿಟ್ ಕಾರ್ಡ್ ಕೊಡಬಹುದೇ ಎಂದು ಹೊನ್ನಾವರದವರೊಬ್ಬರು ಕೇಳಿದ್ದಾರೆ. ಕೊಡಬಹುದು, ಕೊಡಬೇಡಿ. ಅಲ್ಲಿ ಹೋಲ್ಡ್ ಆಗುವುದು ಮಿತಿಯಲ್ಲ, ಉಳಿತಾಯ ಖಾತೆಯ ಹಣ. ಅದು ಬಿಡುಗಡೆಯಾಗುವಷ್ಟರಲ್ಲಿ ಸಾಲದ ಕಂತಿನ ದಿನ ಬಂದು ಹೋಗಿರುತ್ತದೆ. ಮೊದಲೇ ವಿದೇಶಿ ಹಣ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡಿನದೂ ಅದೇ ಕಥೆ, ಅದನ್ನು ಬಂದರುಗಳಲ್ಲಿ ಇಳಿದಾಗ ಬಳಸಿ. ಕಾರ್ಡೇ ಬೇಡ ಎನ್ನುವವರಿಗೆ ಹಲವು ಹಡಗುಗಳಲ್ಲಿ ನಗದು ಠೇವಣಿಯ ದಾರಿ ಇದೆ. ಠೇವಣಿ ಮುಗಿದ ಕೂಡಲೇ ಕ್ಯಾಬಿನ್ ಕಾರ್ಡ್ ನಿಲ್ಲುತ್ತದೆ, ಉಳಿದದ್ದನ್ನು ಕೊನೆಯ ದಿನ ವಾಪಸ್ ಕೊಡುತ್ತಾರೆ. ಆದರೆ ಅದಕ್ಕೂ ಅದೇ ಕೌಂಟರಿನ ಸಾಲಿನಲ್ಲಿ ನಿಲ್ಲಬೇಕು.

ತಂಗಿ, ಕೌಂಟರಿನಿಂದ ಬಂದ ಮೇಲೆ ಮುದ್ರಿತ ಬಿಲ್ಲಿನ ಚಿತ್ರ ಹಾಕಿ, ನಿಮ್ಮ ಹೆಸರು ಮತ್ತು ಕ್ಯಾಬಿನ್ ಸಂಖ್ಯೆಯ ಮೇಲೆ ಬೆರಳಿಟ್ಟು. ಈಗ ಹಾಕಿರುವ ಚಿತ್ರದಲ್ಲಿ ಕಾರ್ಡಿನ ಕೊನೆಯ ನಾಲ್ಕು ಅಂಕಿ ಕಾಣುತ್ತಿವೆ, ಅದನ್ನು ಮೊದಲು ಅಳಿಸಿ.