ಗೊರಕೆ ನಿಂತಾಗಲೇ ಭಯ: ಸ್ಲೀಪ್ ಆಪ್ನಿಯಾ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮನೆಯವರಿಗೆ 47 ವರ್ಷ. ಲಾರಿ ಓಡಿಸುತ್ತಾರೆ. ಅವರ ಗೊರಕೆ ಪಕ್ಕದ ಮನೆಗೂ ಕೇಳುತ್ತದೆ, ಅದು ನನಗೆ ಅಭ್ಯಾಸವಾಗಿದೆ. ಆದರೆ ಈಚೆಗೆ ಗೊರಕೆ ಹೊಡೆಯುತ್ತಾ ಹೊಡೆಯುತ್ತಾ ಒಮ್ಮೆಲೇ ಸದ್ದು ನಿಂತುಬಿಡುತ್ತದೆ. ನಾನು ಎದ್ದು ಕೂತು ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತೇನೆ. ಸ್ವಲ್ಪ ಹೊತ್ತಿಗೆ ಗಬಕ್ಕನೆ ಉಸಿರೆಳೆದು ಮಗ್ಗುಲು ಬದಲಿಸುತ್ತಾರೆ. ಬೆಳಗ್ಗೆ ಕೇಳಿದರೆ "ಚೆನ್ನಾಗೇ ಮಲಗಿದ್ನಲ್ಲ" ಅಂತಾರೆ. ಬಿಪಿಗೆ ಮೂರು ಮಾತ್ರೆ ನುಂಗಿದರೂ ಇಳಿದಿಲ್ಲ. ಪರೀಕ್ಷೆ ಮಾಡಿಸೋಣ ಅಂದರೆ ಕೆಲಸ ಹೋಗುತ್ತದೆ ಅಂತ ಹೆದರುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಮೂಗಿನ ಹತ್ತಿರ ಕೈ ಹಿಡಿದು ನೋಡಿದಿರಲ್ಲ, ಅರ್ಧ ಪರೀಕ್ಷೆ ನೀವೇ ಮಾಡಿದ್ದೀರಿ ತಾಯಿ. ನನ್ನ ಹತ್ತಿರ ಬರುವ ಗಂಡಸರಲ್ಲಿ ಮುಕ್ಕಾಲು ಪಾಲು ಜನರನ್ನು ಹೆಂಡತಿಯರೇ ಎಳೆದುಕೊಂಡು ಬರುವುದು. ರೋಗಿಗೆ ಏನೂ ಗೊತ್ತಿರುವುದಿಲ್ಲ, ಅವರು ನಿದ್ದೆಯಲ್ಲಿರುತ್ತಾರೆ ಅಲ್ವಾ!

ಇದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ಕಾಯಿಲೆ ಇರಬಹುದು. ಒಳಗೆ ಆಗುವುದು ಇಷ್ಟು. ಎಳನೀರಿಗೆ ಹಾಕಿದ ಪೇಪರ್ ಸ್ಟ್ರಾ ನೆನೆದ ಮೇಲೆ ಜೋರಾಗಿ ಹೀರಿ ನೋಡಿ. ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಹಾಗೇ ಸಡಿಲವಾಗುತ್ತವೆ, ನಾಲಿಗೆ ಹಿಂದಕ್ಕೆ ಜಾರುತ್ತದೆ. ದಾರಿ ಅರ್ಧ ಮುಚ್ಚಿದರೆ ಗೊರಕೆ. ಪೂರ್ತಿ ಮುಚ್ಚಿದರೆ ಸದ್ದೇ ಇಲ್ಲ. ಎದೆ, ಹೊಟ್ಟೆ ಮಾತ್ರ ಉಸಿರಿಗಾಗಿ ಏರಿಳಿಯುತ್ತಿರುತ್ತವೆ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮಿದುಳು ಗಾಬರಿಯಿಂದ ಒಂದೆರಡು ಕ್ಷಣ ಎಚ್ಚರಿಸುತ್ತದೆ. ನಿಮಗೆ ಕೇಳಿಸಿದ 'ಗಬಕ್' ಅದೇ. ರಾತ್ರಿಯಿಡೀ ನೂರಾರು ಸಲ ಹೀಗಾದರೂ ಬೆಳಗ್ಗೆ ನೆನಪಿರುವುದಿಲ್ಲ. ಪ್ರತಿ ಸಲ ಗಾಬರಿಯಾದಾಗಲೂ ಬಿಪಿ ಮೇಲಕ್ಕೆ ಹಾರುತ್ತದೆ. ಮೂರು ಮಾತ್ರೆಗೂ ಬಗ್ಗದ ಬಿಪಿ ಇದ್ದವರಿಗೆ ನಾವು ಮೊದಲು ಕೇಳುವ ಪ್ರಶ್ನೆಗಳಲ್ಲಿ "ಗೊರಕೆ ಇದೆಯಾ?" ಎನ್ನುವುದೂ ಒಂದು.

ಶ್ವಾಸಕೋಶ ತಜ್ಞರು ಅಥವಾ ಕಿವಿ-ಮೂಗು-ಗಂಟಲು ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ನೀವೂ ಜೊತೆಗಿರಿ, ಸಾಕ್ಷಿ ನೀವೇ. ವೈದ್ಯರು ಕೆಲವು ಪ್ರಶ್ನೆ ಕೇಳುತ್ತಾರೆ: ಜೋರು ಗೊರಕೆ, ಹಗಲಿನ ಸುಸ್ತು, ಉಸಿರು ನಿಂತಿದ್ದನ್ನು ಯಾರಾದರೂ ನೋಡಿದ್ದಾರೆಯೇ, ಬಿಪಿ ಇದೆಯೇ, ತೂಕ ಎಷ್ಟು, ವಯಸ್ಸು ಐವತ್ತು ದಾಟಿದೆಯೇ, ಕುತ್ತಿಗೆಯ ಸುತ್ತಳತೆ 40 ಸೆಂಟಿಮೀಟರ್‌ಗಿಂತ ಜಾಸ್ತಿಯೇ, ಗಂಡಸೇ ಎಂದು. ಟೈಲರ್ ಟೇಪ್ ಇದ್ದರೆ ಕುತ್ತಿಗೆಯನ್ನು ಮನೆಯಲ್ಲೇ ಅಳೆದುಕೊಂಡು ಹೋಗಿ. ಎಂಟರಲ್ಲಿ ಮೂರಕ್ಕೆ 'ಹೌದು' ಬಂದರೆ ಅನುಮಾನ, ಐದು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬಲವಾದ ಅನುಮಾನ. ನಿಮ್ಮ ಪತ್ರದಲ್ಲೇ ನಾಲ್ಕು ಸಿಕ್ಕಿವೆ.

ಪರೀಕ್ಷೆಗೆ 'ಸ್ಲೀಪ್ ಸ್ಟಡಿ' ಎನ್ನುತ್ತಾರೆ. ಸೂಜಿ ಇಲ್ಲ, ನೋವಿಲ್ಲ. ಆಸ್ಪತ್ರೆಯಲ್ಲಾದರೆ ಒಂದು ರಾತ್ರಿ ಮಲಗಬೇಕು. ತಲೆ, ಕಣ್ಣಿನ ಪಕ್ಕ, ಗದ್ದ, ಎದೆ, ಕಾಲಿಗೆ ವೈರು ಅಂಟಿಸುತ್ತಾರೆ. ಮೂಗಿಗೆ ಸಣ್ಣ ನಳಿಕೆ, ಎದೆ ಹೊಟ್ಟೆಗೆ ಬೆಲ್ಟು, ಬೆರಳಿಗೆ ಕೊರೊನಾ ಕಾಲದಲ್ಲಿ ಎಲ್ಲರೂ ನೋಡಿದ ಆಕ್ಸಿಮೀಟರ್. "ಇಷ್ಟೆಲ್ಲ ಕಟ್ಟಿಕೊಂಡು ನಿದ್ದೆ ಬರುತ್ತಾ ಸಾರ್?" ಎಂದು ಎಲ್ಲರೂ ಕೇಳುತ್ತಾರೆ. ಈ ಕಾಯಿಲೆಯವರಿಗೆ ಸಾಮಾನ್ಯವಾಗಿ ಬರುತ್ತದೆ, ಟೆಕ್ನೀಷಿಯನ್ ದೀಪ ಆರಿಸುವಷ್ಟರಲ್ಲೇ ಕೆಲವರು ಗೊರಕೆ ಶುರು ಮಾಡಿರುತ್ತಾರೆ. ಅಂದು ಮಧ್ಯಾಹ್ನ ಮಲಗಬಾರದು, ಮಧ್ಯಾಹ್ನದ ನಂತರ ಕಾಫಿ ಟೀ ಬೇಡ, ಕುಡಿತ ಬೇಡ. ತಲೆಗೆ ಎಣ್ಣೆ ಹಚ್ಚಬಾರದು, ವೈರು ಅಂಟುವುದಿಲ್ಲ. ದಿನನಿತ್ಯದ ಮಾತ್ರೆಗಳನ್ನು ವೈದ್ಯರು ಬೇಡ ಎನ್ನದಿದ್ದರೆ ಬಿಡುವಂತಿಲ್ಲ.

ಮನೆಗೇ ಕೊಟ್ಟು ಕಳಿಸುವ ಸಣ್ಣ ಯಂತ್ರವೂ ಇದೆ. ಮೂಗಿನ ನಳಿಕೆ, ಒಂದು ಬೆಲ್ಟು, ಬೆರಳಿನ ಕ್ಲಿಪ್ಪು, ಅಷ್ಟೇ. ನಿಮ್ಮನೆಯವರ ಹಾಗೆ ಲಕ್ಷಣಗಳು ಸ್ಪಷ್ಟವಾಗಿದ್ದು, ಹೃದಯದ ಅಥವಾ ಶ್ವಾಸಕೋಶದ ದೊಡ್ಡ ಕಾಯಿಲೆ ಇಲ್ಲದಿದ್ದರೆ ಇದು ಸಾಕು. ಆದರೆ ಒಂದು ಮಾತು. ಅವರು ನಿಜವಾಗಿ ಎಷ್ಟು ಹೊತ್ತು ನಿದ್ದೆ ಮಾಡಿದರು ಎಂಬುದು ಈ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಎಚ್ಚರವಿದ್ದ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿ ಭಾಗಿಸುತ್ತದೆ, ಹಾಗಾಗಿ ಸಂಖ್ಯೆ ಕಡಿಮೆ ತೋರಿಸಬಹುದು. ಮನೆಯ ಪರೀಕ್ಷೆಯಲ್ಲಿ 'ಏನೂ ಇಲ್ಲ' ಎಂದು ಬಂದರೆ ಸುಮ್ನೆ ಬಿಡದೆ ಆಸ್ಪತ್ರೆಯಲ್ಲಿ ಮಾಡಿಸಿ.

ರಿಪೋರ್ಟಿನಲ್ಲಿ 'ಎಎಚ್‌ಐ' ಎಂಬ ಸಂಖ್ಯೆ ನೋಡಿ. ಗಂಟೆಗೆ ಎಷ್ಟು ಸಲ ಉಸಿರು ಕನಿಷ್ಠ 10 ಸೆಕೆಂಡ್ ನಿಂತಿತು ಅಥವಾ ತೀರಾ ಕ್ಷೀಣವಾಯಿತು ಎನ್ನುವ ಲೆಕ್ಕ. 5ಕ್ಕಿಂತ ಕಡಿಮೆ ಇದ್ದರೆ ಸರಿ. 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದರಾಚೆ ತೀವ್ರ.

ಇನ್ನು ಕೆಲಸದ ಭಯ. ಅದು ಸಣ್ಣ ಭಯವಲ್ಲ, ಮನೆ ನಡೆಯುವುದೇ ಅದರಿಂದ. ಆದರೆ ಚಿಕಿತ್ಸೆ ಸರಿಯಾಗಿ ತೆಗೆದುಕೊಂಡವರು ಗಾಡಿ ಓಡಿಸುತ್ತಿದ್ದಾರೆ. ಅಪಾಯ ಇರುವುದು ಚಿಕಿತ್ಸೆ ಇಲ್ಲದ ಚಾಲಕನಿಗೆ. "ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂಬ ಗಾದೆ ಇದೆ. ಕೂತಲ್ಲೇ, ಊಟದ ತಟ್ಟೆ ಮುಂದೆಯೇ, ಸಿಗ್ನಲ್‌ನಲ್ಲಿ ನಿಂತಾಗಲೇ ಜೊಂಪು ಹತ್ತುವವನನ್ನು ನೋಡಿದರೆ ನನಗೆ ಆ ಗಾದೆ ತಿರುಗಿಸಿ ಹೇಳಬೇಕೆನಿಸುತ್ತದೆ. ಅವನಿಗೆ ಚಿಂತೆ ಇಲ್ಲ ಅಂತಲ್ಲ, ರಾತ್ರಿ ನಿದ್ದೆಯೇ ಇಲ್ಲ. ಚಿಕಿತ್ಸೆ ಶುರುವಾಗಿ ತೂಕಡಿಕೆ ಹೋಗುವವರೆಗೆ ಗಾಡಿ ಓಡಿಸಬಾರದು, ರಾತ್ರಿಯಂತೂ ಬೇಡವೇ ಬೇಡ. ಎಷ್ಟು ದಿನ ಎಂಬುದನ್ನು ವೈದ್ಯರು ನೋಡಿ ಹೇಳುತ್ತಾರೆ. ಕಿಟಕಿ ತೆಗೆಯುವುದು, ಹಾಡು ಜೋರು ಮಾಡುವುದು, ಗುಟ್ಕಾ ಹಾಕುವುದು ಯಾವುದೂ ನಿದ್ದೆಯನ್ನು ತಡೆಯುವುದಿಲ್ಲ. ಹಾಗಾಗಿ ಪರೀಕ್ಷೆಯನ್ನು ಈ ತಿಂಗಳೇ ಮಾಡಿಸಿ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, ವಯಸ್ಸು 61. ಎಎಚ್‌ಐ 38 ಬಂದು, ಮಾಸ್ಕಿನ ಮೂಲಕ ಗಾಳಿ ಊದುವ ಸಿಪ್ಯಾಪ್ ಯಂತ್ರ ಕೊಂಡೆ. ಹತ್ತು ದಿನ ಹಾಕಿದೆ. ಮಾಸ್ಕ್ ಕಟ್ಟಿದರೆ ಉಸಿರುಗಟ್ಟಿದ ಹಾಗೆ, ಮೂಗು ಒಣಗುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ಮನೆಯವಳು "ಐಸಿಯು ಥರ ಕಾಣ್ತೀರಿ" ಅಂತಾಳೆ. ಈಗ ಎರಡು ತಿಂಗಳಿಂದ ಬೀರುವಿನ ಮೇಲಿದೆ. ಭಾವಮೈದುನನೂ ಗೊರಕೆ ಹೊಡೆಯುತ್ತಾನೆ, ಅವನಿಗಾದರೂ ಕೊಟ್ಟುಬಿಡಲೇ?
– ಓದುಗರು, ಮೈಸೂರು

ಉತ್ತರ: ಬೀರುವಿನಿಂದ ಇಳಿಸಿ ಮೇಷ್ಟ್ರೇ. ಭಾವಮೈದುನನಿಗೆ ಕೊಡಬೇಡಿ, ಕಾರಣ ಆಮೇಲೆ ಹೇಳುತ್ತೇನೆ.

ಇದು ಆಕ್ಸಿಜನ್ ಯಂತ್ರವಲ್ಲ, ಐಸಿಯುಗೂ ಇದಕ್ಕೂ ಸಂಬಂಧವಿಲ್ಲ. ಕೋಣೆಯ ಗಾಳಿಯನ್ನೇ ಸ್ವಲ್ಪ ಒತ್ತಡದಿಂದ ಊದಿ ಗಂಟಲು ಅಂಟಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ. 1981ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ ಇದನ್ನು ಮೊದಲ ಸಲ ಪ್ರಕಟಿಸಿದರು. ವ್ಯಾಕ್ಯೂಮ್ ಕ್ಲೀನರ್ ಮೋಟರನ್ನೇ ಉಲ್ಟಾ ಬಳಸಿ ಮಾಡಿದ್ದ ಆಗಿನ ಯಂತ್ರದ ಸದ್ದಿಗೆ ಮಲಗಿದ್ದವರು ನಿಜಕ್ಕೂ ಧೈರ್ಯವಂತರು! ನಿಮ್ಮದು ಫ್ಯಾನಿಗಿಂತ ಮೆತ್ತಗೆ ಓಡುತ್ತದೆ.

ನನ್ನ ಅನುಭವದಲ್ಲಿ ತಪ್ಪು ಹೆಚ್ಚಾಗಿ ಯಂತ್ರದ್ದೂ ಅಲ್ಲ, ರೋಗಿಯದೂ ಅಲ್ಲ. ಮಾಸ್ಕಿನದು. ಚಪ್ಪಲಿಯ ಹಾಗೆ ಇದಕ್ಕೂ ಅಳತೆ ಇದೆ. ಮೂಗಿಗೆ ಮಾತ್ರ ಕೂರುವುದು, ಮೂಗಿನ ಹೊಳ್ಳೆಗೆ ತಗಲುವುದು, ಮೂಗು ಬಾಯಿ ಎರಡನ್ನೂ ಮುಚ್ಚುವುದು ಎಂದು ಬೇರೆ ಬೇರೆ ಇವೆ. ಮಾರಿದವರು ಕೊಟ್ಟದ್ದನ್ನೇ ಕಟ್ಟಿಕೊಂಡು ಒದ್ದಾಡಬೇಕಿಲ್ಲ. ದಪ್ಪ ಮೀಸೆ ಇದ್ದರೆ ಗಾಳಿ ಸೋರುತ್ತದೆ, ಅದನ್ನೂ ಹೇಳಿಕೊಳ್ಳಿ. ಸೋರಿಕೆ ತಡೆಯಲು ಪಟ್ಟಿಯನ್ನು ಬಿಗಿದಷ್ಟೂ ಮೂಗಿನ ಮೇಲೆ ಗಾಯವಾಗುತ್ತದೆ. ಮಲಗಿದ ಭಂಗಿಯಲ್ಲೇ ಪಟ್ಟಿ ಸರಿಮಾಡಿ, ಕೂತು ಅಲ್ಲ.

ಉಸಿರುಗಟ್ಟಿದ ಹಾಗಾಗುವುದಕ್ಕೆ ಮದ್ದು ಅಭ್ಯಾಸ. ಸಂಜೆ ಟಿವಿ ನೋಡುತ್ತಾ ಅರ್ಧ ಗಂಟೆ ಹಾಕಿಕೊಳ್ಳಿ. ಮೊದಲು ಬರೀ ಮಾಸ್ಕ್, ಆಮೇಲೆ ಗಾಳಿ ಸಮೇತ. ಯಂತ್ರದಲ್ಲಿ 'ರ‍್ಯಾಂಪ್' ಎಂಬ ಸೌಲಭ್ಯವಿದೆ, ಒತ್ತಡ ಮೆಲ್ಲಗೆ ಏರುತ್ತದೆ. ಮೂಗು ಒಣಗಿದರೆ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಹೆಚ್ಚಿಸಿ, ಅದಕ್ಕೆ ಡಿಸ್ಟಿಲ್ಡ್ ನೀರೇ ಇರಲಿ. ಬೋರ್‌ವೆಲ್ ನೀರು ಹಾಕಿದರೆ ಬಿಳಿ ಹಕ್ಕಳೆ ಕಟ್ಟುತ್ತದೆ. ನೀರನ್ನು ದಿನಾ ಬದಲಿಸಿ, ಮಾಸ್ಕನ್ನು ದಿನಾ ಸೋಪಿನ ನೀರಲ್ಲಿ ತೊಳೆಯಿರಿ. ಹೊಟ್ಟೆ ಉಬ್ಬರಿಸುವುದು ಗಾಳಿ ನುಂಗುವುದರಿಂದ. ಅದಕ್ಕೆ ಒತ್ತಡ ಬದಲಿಸಬೇಕಾಗಬಹುದು, ವೈದ್ಯರೇ ಮಾಡಬೇಕು. ಎಷ್ಟು ಗಂಟೆ ಬಳಸಿದಿರಿ, ಎಷ್ಟು ಸೋರಿತು ಎಂಬುದನ್ನೆಲ್ಲ ಯಂತ್ರ ಬರೆದಿಟ್ಟುಕೊಂಡಿರುತ್ತದೆ. ಯಂತ್ರವನ್ನೇ ಹಿಡಿದುಕೊಂಡು ಕ್ಲಿನಿಕ್‌ಗೆ ಹೋಗಿ. ಕರೆಂಟು ಹೋಗುವ ಊರಾದರೆ ಇನ್ವರ್ಟರ್‌ಗೆ ಸೇರಿಸಿ, ಆಗ ಹ್ಯುಮಿಡಿಫೈಯರ್ ಬಂದ್ ಮಾಡಿ. ಜಾಸ್ತಿ ಕರೆಂಟು ಎಳೆಯುವುದು ಅದೇ.

ದಿನಕ್ಕೆ ಕನಿಷ್ಠ 4 ಗಂಟೆ, ವಾರದಲ್ಲಿ ಐದು ರಾತ್ರಿಯಾದರೂ ಹಾಕಿದರೆ ನಾವು 'ಬಳಸುತ್ತಿದ್ದಾರೆ' ಎನ್ನುತ್ತೇವೆ. ಅದು ಪಾಸ್ ಮಾರ್ಕು ಮಾತ್ರ, ನಿದ್ದೆ ಮಾಡುವಷ್ಟು ಹೊತ್ತೂ ಬೇಕು. ಇನ್ನೊಂದು ವಿಷಯವನ್ನು ಮುಚ್ಚಿಡಬಾರದು. ಈ ಯಂತ್ರ ಹಾಕಿದರೆ ಹೃದಯಾಘಾತ ಬರುವುದೇ ಇಲ್ಲ ಎಂದು ಯಾರಾದರೂ ಮಾರಿದರೆ ನಂಬಬೇಡಿ. 2016ರಲ್ಲಿ ಬಂದ 'ಸೇವ್' ಎಂಬ ದೊಡ್ಡ ಅಧ್ಯಯನದಲ್ಲಿ, ಮೊದಲೇ ಹೃದಯ ಅಥವಾ ಮಿದುಳಿನ ರಕ್ತನಾಳದ ಕಾಯಿಲೆ ಇದ್ದವರಲ್ಲಿ ಅಂಥ ಲಾಭ ಕಾಣಲಿಲ್ಲ. ಅವರು ಸರಾಸರಿ ಬಳಸಿದ್ದು ರಾತ್ರಿಗೆ 3.3 ಗಂಟೆ ಮಾತ್ರ ಎನ್ನುವುದೂ ನಿಜ. ಆದರೆ ತೂಕಡಿಕೆ ಕಡಿಮೆಯಾಯಿತು, ಮನಸ್ಸು ಹಗುರವಾಯಿತು. ನಿಮಗೂ ಮೊದಲು ಗೊತ್ತಾಗುವುದು ಅದೇ.

ಭಾವಮೈದುನನ ವಿಷಯ. ಒತ್ತಡ ಒಬ್ಬೊಬ್ಬರಿಗೆ ಒಂದೊಂದು. ಅವರಿಗೆ ಆಪ್ನಿಯಾ ಇದೆಯೋ ಬರೀ ಗೊರಕೆಯೋ ಅದೂ ಗೊತ್ತಿಲ್ಲ. ಮೊದಲು ಸ್ಲೀಪ್ ಸ್ಟಡಿ ಮಾಡಿಸಲಿ. ಹಳೆಯ ಯಂತ್ರ ಕೊಳ್ಳುವವರಿಗೂ ಒಂದು ಎಚ್ಚರಿಕೆ: ಒಳಗಿನ ಫೋಮ್ ಪುಡಿಯಾಗಬಹುದು ಎಂದು ಫಿಲಿಪ್ಸ್ ಕಂಪನಿ 2021ರ ಜೂನ್‌ನಲ್ಲಿ ಲಕ್ಷಗಟ್ಟಲೆ ಯಂತ್ರಗಳನ್ನು ಹಿಂದಕ್ಕೆ ಕರೆಯಿತು. ಸೆಕೆಂಡ್ ಹ್ಯಾಂಡ್ ಆದರೆ ಮಾಡೆಲ್, ವರ್ಷ ನೋಡದೆ ಕೊಳ್ಳಬಾರದು.

ಪ್ರಶ್ನೆ: 35 ವರ್ಷ, ತೂಕ 92 ಕೆಜಿ, ಎಎಚ್‌ಐ 9. ಯಂತ್ರ ಇಲ್ಲದೆ ಆಪರೇಷನ್ ಅಥವಾ ಮಾತ್ರೆಯಲ್ಲಿ ಮುಗಿಸಬಹುದೇ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮದು ಸೌಮ್ಯ. ಹಗಲು ತೂಕಡಿಕೆ ಇಲ್ಲದಿದ್ದರೆ ಆಪರೇಷನ್ ಯೋಚನೆ ಈಗಲೇ ಬೇಡ. ತೂಕದಲ್ಲಿ ನೂರಕ್ಕೆ ಹತ್ತು ಇಳಿಸಿದರೆ ಎಎಚ್‌ಐ ಕಾಲು ಭಾಗದಷ್ಟು ಇಳಿಯುತ್ತದೆ ಎಂದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದ ದೀರ್ಘ ಅಧ್ಯಯನ ತೋರಿಸಿತ್ತು. ರಾತ್ರಿಯ ಪೆಗ್ಗು, ನಿದ್ದೆ ಮಾತ್ರೆ ಎರಡೂ ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತವೆ, ಬಿಡಿ. ರಿಪೋರ್ಟಿನಲ್ಲಿ ಅಂಗಾತ ಮಲಗಿದಾಗ ಮಾತ್ರ ಸಂಖ್ಯೆ ಜಾಸ್ತಿ ಇದೆಯೇ ನೋಡಿ. ಹಾಗಿದ್ದರೆ ಬನಿಯನ್ನಿನ ಬೆನ್ನಿಗೆ ಜೇಬು ಹೊಲಿಸಿ ಒಂದು ಟೆನಿಸ್ ಚೆಂಡು ಇಡಿ. ನಗಬೇಡಿ, ಹಳೆಯ ಉಪಾಯ, ಮಗ್ಗುಲಾಗಿ ಮಲಗುವುದು ತಾನೇ ರೂಢಿಯಾಗುತ್ತದೆ. ಕೆಳದವಡೆಯನ್ನು ಸ್ವಲ್ಪ ಮುಂದೆ ಹಿಡಿದಿಡುವ ಸಾಧನವನ್ನು ಈ ವಿಷಯ ಬಲ್ಲ ದಂತವೈದ್ಯರು ಅಳತೆ ತೆಗೆದು ಮಾಡಿಕೊಡುತ್ತಾರೆ. ಸೌಮ್ಯ ಆಪ್ನಿಯಾಗೆ ಅದು ಒಳ್ಳೆಯದು.

ತೂಕ ಇಳಿಸುವ ಇಂಜೆಕ್ಷನ್ ಟಿರ್ಜೆಪಟೈಡ್‌ಗೆ 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಕಾಯಿಲೆಗೂ ಒಪ್ಪಿಗೆ ಕೊಟ್ಟರು. ಅದು ಬೊಜ್ಜಿನ ಜೊತೆ ಮಧ್ಯಮ ಅಥವಾ ತೀವ್ರ ಆಪ್ನಿಯಾ ಇರುವವರಿಗೆ, ನಿಮಗಲ್ಲ.

ಪ್ರಶ್ನೆ: ನನಗೆ 54. ತೆಳ್ಳಗಿದ್ದೇನೆ. ಮುಟ್ಟು ನಿಂತ ಮೇಲೆ ರಾತ್ರಿ ಪದೇ ಪದೇ ಎಚ್ಚರ, ಬೆಳಗ್ಗೆ ತಲೆನೋವು, ದಿನವಿಡೀ ಸುಸ್ತು. ಒಬ್ಬಳೇ ಮಲಗುತ್ತೇನೆ. ಇದು ಗಂಡಸರ ಕಾಯಿಲೆ ಅಲ್ಲವೇ?
– ಓದುಗರು, ಉಡುಪಿ

ಉತ್ತರ: ಅಲ್ಲ. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಜಾಸ್ತಿಯಾಗುತ್ತದೆ. ತೆಳ್ಳಗಿದ್ದರೂ ದವಡೆ ಚಿಕ್ಕದಿದ್ದರೆ ಬರಬಹುದು. ಹೆಂಗಸರು 'ಗೊರಕೆ' ಎನ್ನುವುದಿಲ್ಲ, 'ನಿದ್ದೆ ಬರಲ್ಲ', 'ಸುಸ್ತು' ಎನ್ನುತ್ತಾರೆ, ಹಾಗಾಗಿ ನಾವು ವೈದ್ಯರೇ ಎಷ್ಟೋ ಸಲ ಇದನ್ನು ಯೋಚಿಸದೆ ನಿದ್ದೆ ಮಾತ್ರೆ ಬರೆದುಬಿಡುತ್ತೇವೆ. ಹಿಮೋಗ್ಲೋಬಿನ್, ಥೈರಾಯ್ಡ್ ಎರಡನ್ನೂ ಮೊದಲು ನೋಡಿಸಿ, ಸುಸ್ತಿಗೆ ಅವೂ ಕಾರಣ. ಪಕ್ಕದಲ್ಲಿ ಸಾಕ್ಷಿ ಇಲ್ಲವಲ್ಲ, ಮೊಬೈಲನ್ನು ದಿಂಬಿನ ಹತ್ತಿರ ಇಟ್ಟು ಎರಡು ರಾತ್ರಿ ಸದ್ದು ರೆಕಾರ್ಡ್ ಮಾಡಿ. ಬೆಳಗ್ಗೆ ಕೇಳಿ ನೋಡಿ, ಗೊರಕೆಯ ನಡುವೆ ಮೌನ ಬಂದು ಆಮೇಲೆ 'ಗಬಕ್' ಎಂದರೆ ಆ ಜಾಗದ ಗಂಟೆ ನಿಮಿಷ ಬರೆದುಕೊಂಡು ವೈದ್ಯರಿಗೆ ಅದನ್ನೇ ಕೇಳಿಸಿ.