ಜಪಾನಿನಲ್ಲಿ ಸ್ಥಳೀಯರ ಮನೆಯಲ್ಲೇ ಅಡುಗೆ ಕಲಿಯಲು ಎಲ್ಲಿಗೆ ಹೋಗಬೇಕು, ಏನು ಕಲಿಯಬೇಕು?

ನಾಗಾನೊ ಪ್ರಾಂತ್ಯಕ್ಕೆ ಹೋಗಿ, ಹೂರಣ ತುಂಬಿದ ಕಡುಬಿನಂಥ ‘ಒಯಾಕಿ’ ಕಲಿಯಿರಿ. ಸುಶಿ ಹೆಚ್ಚಾಗಿ ಅಂಗಡಿಯ ಕಸುಬು; ಒಯಾಕಿ ಅಪ್ಪಟ ಮನೆಯಡುಗೆ. ಚಳಿಯ ಬೆಟ್ಟನಾಡಿನಲ್ಲಿ ಭತ್ತ ಬೆಳೆಯುವುದು ಕಷ್ಟವಾಗಿದ್ದರಿಂದ ಅಲ್ಲಿ ಗೋಧಿ, ಬಕ್‌ವೀಟ್ ಹಿಟ್ಟುಗಳೇ ಹೊಟ್ಟೆ ತುಂಬಿಸುತ್ತಿದ್ದವು. ಹೋಳಿಗೆಯ ಕಣಕದಂತೆ ಹಿಟ್ಟನ್ನು ಮೆತ್ತಗೆ ಕಲಸಿಟ್ಟು, ‘ಮಿಸೊ’ ಎಂಬ ಹುದುಗಿಸಿದ ಸೋಯಾ ಮುದ್ದೆ ಬೆರೆಸಿದ ಬದನೆಯನ್ನೋ ಕುಂಬಳವನ್ನೋ ನೊಜಾವಾನಾ ಸೊಪ್ಪಿನ ಉಪ್ಪಿನಕಾಯಿಯನ್ನೋ ತುಂಬುತ್ತಾರೆ. ಕೆಲವೆಡೆ ಹಬೆಯಲ್ಲಿ ಬೇಯಿಸುತ್ತಾರೆ. ಹಳೆಯ ಕ್ರಮದಲ್ಲಿ ಹೊರಮೈ ಸುಟ್ಟು, ‘ಇರೊರಿ’ ಎಂಬ ನೆಲದೊಲೆಯ ಬಿಸಿ ಬೂದಿಯಲ್ಲಿ ಹೂಳುತ್ತಿದ್ದರು. ಹಿಟ್ಟಿನ ಹದ ಅಳತೆಯಿಂದ ಬರುವುದಿಲ್ಲ, ಮನೆಯವರ ಪಕ್ಕ ನಿಂತು ಕೈಯಲ್ಲಿ ಮುಟ್ಟಿಯೇ ತಿಳಿಯಬೇಕು.

ನೀವು ಸಸ್ಯಾಹಾರಿಗಳಾದರೆ ಮುಂಗಡ ಕಾಯ್ದಿರಿಸುವಾಗಲೇ ಬರೆದು ತಿಳಿಸಿ. ‘ಮಾಂಸ ಬೇಡ’ ಎಂದರೆ ಸಾಲದು. ‘ದಾಶಿ’ ಎಂಬ ತಿಳಿಸಾರನ್ನು ಸಾಮಾನ್ಯವಾಗಿ ಒಣಗಿಸಿದ ಬೊನಿಟೊ ಮೀನಿನಿಂದ ತೆಗೆಯುತ್ತಾರೆ. ಅದು ಹೂರಣಕ್ಕೂ ಬೀಳಬಹುದು. ‘ಕೊಂಬು’ ಎಂಬ ಕಡಲಪಾಚಿ ಮತ್ತು ಒಣ ಶಿಟಾಕೆ ಅಣಬೆಯ ದಾಶಿ ಕಲಿಸುವಂತೆ ಕೇಳಿ. 1 ಲೀಟರ್ ನೀರಿಗೆ ಸುಮಾರು 10 ಗ್ರಾಂ ಕೊಂಬು ಸಾಕು: ರಾತ್ರಿಯಿಡೀ ನೆನೆಸಿ, ಸಣ್ಣ ಉರಿಯಲ್ಲಿ ಕಾಯಿಸಿ, ಕುದಿ ಬರುವ ಮುನ್ನ ತೆಗೆದುಬಿಡಬೇಕು. ಕೆಲವು ಮಿಸೊ ಪೊಟ್ಟಣಗಳಲ್ಲೂ ಮೀನಿನ ದಾಶಿ ಸೇರಿರುತ್ತದೆ, ಅದನ್ನೂ ವಿಚಾರಿಸಿ.